ಕಂಪವಾತ ರೋಗಿಯ ಭ್ರಾಂತಿ ಮತ್ತು ಮನೆಯವರ ಕರ್ತವ್ಯ



1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವರ್ಣಿಸಿದ, ನಮ್ಮಲ್ಲಿ ಕಂಪವಾತವೆಂದು ಕರೆಯುವ ವ್ಯಾಧಿಯು ಕೈನಡುಕ, ಮೈಬಿಗಿತ, ಮಂದಗತಿಗಳಷ್ಟಕ್ಕೇ ನಿಲ್ಲುವಂಥದಲ್ಲ. ವರ್ಷಗಳುರುಳಿದಂತೆ ಅನೇಕ ರೋಗಿಗಳ ಕಣ್ಣಿಗೆ ಇಲ್ಲದ ಮನುಷ್ಯರು, ಮಕ್ಕಳು, ಪ್ರಾಣಿಗಳು ಕಾಣತೊಡಗುವುದುಂಟು, ಕೆಲವರಲ್ಲಿ ಹೆಂಡತಿಯ ಶೀಲದ ಮೇಲೆಯೂ ಮಕ್ಕಳ ನಿಯತ್ತಿನ ಮೇಲೆಯೂ ನಿಷ್ಕಾರಣವಾದ ಸಂಶಯವು ಬೇರೂರುವುದುಂಟು. ಉತ್ತರ ಕರ್ನಾಟಕದ ಅರಕೇರಿಯಂತಹ ಊರಿನ ಮನೆಯೊಂದರಲ್ಲಿ ಹೀಗಾದರೆ ಗಾಳಿ ಸೋಕಿತೆಂದೋ ಅರಳುಮರುಳೆಂದೋ ಬಗೆದು ಕಾಲಹರಣ ಮಾಡಲಾಗದು. ಏಕೆಂದರೆ ಇದು ಮಿದುಳಿನಲ್ಲಿ ಹಬ್ಬುವ ವ್ಯಾಧಿಯಿಂದಲೂ, ಅಲ್ಲಿ ಕುಂದಿದ ಡೋಪಮೀನ್ ಎಂಬ ರಾಸಾಯನಿಕವನ್ನು ತುಂಬಿಕೊಡಲು ನುಂಗಿಸುವ ಗುಳಿಗೆಗಳಿಂದಲೂ ಹುಟ್ಟುವ ವಿಕಾರ.

ಸಂಜೆಗತ್ತಲಲ್ಲಿ ಗೂಟಕ್ಕೆ ತೂಗಹಾಕಿದ ಕಂಬಳಿಯು ತಂದೆಗೆ ಅಪರಿಚಿತನಾಗಿ ತೋರಿ ಆತನು ಬೆದರಿದಾಗ, ಅಲ್ಲಿ ಯಾರೂ ಇಲ್ಲವೆಂದು ವಾದಿಸುವುದೂ, ಹೌದು ಇದ್ದಾನೆಂದು ನಟಿಸುವುದೂ ಸಲ್ಲದು. “ಯಪ್ಪಾ, ನನಗಂತೂ ಯಾರೂ ಕಾಣವಲ್ರು, ಆದರ ನಿನಗ ಅಂಜಿಕಿ ಆಗೇದ ಅನ್ನೂದು ಖರೆ, ನಾ ಇಲ್ಲೇ ಬಾಜೂಕ ಕುಂದರ್ತೀನಿ” ಎಂದು ಕೈಹಿಡಿದು, ದೀಪ ಹಚ್ಚಿ, ಕಂಬಳಿಯನ್ನು ಮಡಚಿಡಬೇಕು. ನೋಟವು ಸುಳ್ಳಾದರೂ ಭಯವು ಸತ್ಯ. ನಾವು ಉತ್ತರಿಸಬೇಕಾದುದು ಆ ಭಯಕ್ಕೆ.

ಭ್ರಾಂತಿಯು ಹಠಾತ್ತನೆ ಹೆಚ್ಚಿದರೆ ಮೂತ್ರದ ಸೋಂಕು, ಜ್ವರ, ನೀರಿನ ಕೊರತೆ, ಹೊಸದಾಗಿ ಕೂಡಿದ ಔಷಧ, ಇವುಗಳಲ್ಲೊಂದು ಕಾರಣವಾಗಿರಬಹುದಾದ್ದರಿಂದ ಗುಳಿಗೆಗಳನ್ನೆಲ್ಲ ಕಟ್ಟಿಕೊಂಡು ವೈದ್ಯರಲ್ಲಿಗೆ ತಡಮಾಡದೆ ಹೋಗಬೇಕು. ಡೋಪಮೀನನ್ನು ತುಂಬಿಕೊಡುವ ಲೆವೊಡೋಪಾ ಗುಳಿಗೆಯನ್ನು ಮನೆಯವರೇ ಥಟ್ಟನೆ ನಿಲ್ಲಿಸಕೂಡದು. ಅದರಿಂದ ಮೈ ಸೆಟೆದು, ತೀವ್ರ ಜ್ವರವೇರಿ, ಪ್ರಾಣಕ್ಕೇ ಸಂಚಕಾರ ಬರಬಹುದು. ವೈದ್ಯರು ಸಾಮಾನ್ಯವಾಗಿ ಟ್ರೈಹೆಕ್ಸಿಫೆನಿಡಿಲ್, ಅಮಾಂಟಡೀನ್ ಮುಂತಾದ ಕಂಪವಾತದ ಇತರ ಔಷಧಗಳನ್ನು ಮೊದಲು ಇಳಿಸಿ, ಲೆವೊಡೋಪಾವನ್ನು ಕಡೆಯದಾಗಿ ಮುಟ್ಟುತ್ತಾರೆ. ಚಿತ್ತವಿಕಲತೆಗೆ ಬೇರೆ ರೋಗಿಗಳಿಗೆ ಕೊಡುವ ಹ್ಯಾಲೊಪೆರಿಡಾಲ್ ಡೋಪಮೀನಿನ ದಾರಿಯನ್ನೇ ತಡೆದು ರೋಗಿಯನ್ನು ಮರಗಟ್ಟಿಸುವುದರಿಂದ, ಯಾವ ವೈದ್ಯರ ಬಳಿ ಹೋದರೂ ಕಂಪವಾತವಿದೆಯೆಂದು ಮೊದಲೇ ಹೇಳತಕ್ಕುದು. ಅವಶ್ಯಬಿದ್ದಲ್ಲಿ ಭ್ರಾಂತಿಯನ್ನು ತಗ್ಗಿಸಲು ಕ್ವೆಟಿಯಾಪಿನ್ ಕೊಡುವುದುಂಟು, ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸುತ್ತ ಕ್ಲೋಜಪಿನ್ ಕೊಡುವುದೂ ಉಂಟು.

ಎಲ್ಲಕ್ಕಿಂತ ದುಸ್ಸಹವಾದುದು, ಹಗಲಿರುಳೂ ಶುಶ್ರೂಷೆಗೈಯುವ ಹೆಂಡತಿಯೇ ಅಪವಾದಕ್ಕೆ ಗುರಿಯಾಗುವುದು. ಆ ನುಡಿಯು ರೋಗದ್ದು, ಗಂಡನದಲ್ಲವೆಂದು ಮಕ್ಕಳೂ ನೆರೆಯವರೂ ಆಕೆಗೆ ಬಾಯಿಬಿಟ್ಟು ಹೇಳಬೇಕು. ಸರದಿಯಿಂದ ರೋಗಿಯ ಬಳಿ ಕುಳಿತು ಆಕೆಗೆ ನಿದ್ರೆಯ ಅವಕಾಶ ಕಲ್ಪಿಸಬೇಕು. ನಮ್ಮ ಸೀಮೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯೂ, ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯೂ ಇವೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ದೂರವಾಣಿ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ಕನ್ನಡದಲ್ಲಿಯೇ ಸಲಹೆ ನೀಡುತ್ತದೆ. ಮನೆಯ ಮಾನ ಹೋದೀತೆಂದು ಈ ವ್ಯಾಧಿಯನ್ನು ಯಾರೂ ಬಚ್ಚಿಡದಿರಲಿ; ಬೇಗನೆ ಹೇಳಿಕೊಂಡವರ ಭ್ರಾಂತಿಯನ್ನು ಬಹಳಮಟ್ಟಿಗೆ ತಗ್ಗಿಸಲು ಸಾಧ್ಯವಿದೆ.