ಶಿವನಸಮುದ್ರದ ತಂತಿ: ಬೆಳಕು ಮೊದಲು ಯಾರ ಮನೆಗೆ?

(ಮಹಿಳಾ ವೇದಿಕೆಯ ಕಾರ್ಯಕ್ರಮದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ದೊಡ್ಡದು. ಹೊಸ ವಿಚಾರಗಳು, ಕೈಗಾರಿಕೆ, ಸಾಮ್ರಾಜ್ಯ ಈ ಮೂರೂ ಸೇರಿ ಇಂದಿನ ಜಗತ್ತನ್ನು ಹೇಗೆ ರೂಪಿಸಿದವು ಎಂದು ಹೇಳಬೇಕು. ಇಪ್ಪತ್ತು ನಿಮಿಷದಲ್ಲಿ ಜಗತ್ತನ್ನೆಲ್ಲ ಸುತ್ತಿ ಬರುವುದು ನನ್ನಿಂದಾಗದ ಮಾತು. ಅದಕ್ಕೇ ನಮ್ಮ ಕಡೆಯ ಒಂದು ತಂತಿಯ ಕಥೆ ಹೇಳುತ್ತೇನೆ. ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಎಳೆದ ವಿದ್ಯುತ್ ತಂತಿ ಅದು. ಈ ಮೂರನ್ನೂ ಅದರಲ್ಲೇ ಕಾಣಬಹುದು.

1831ನೇ ಇಸವಿಯಿಂದ ಶುರು ಮಾಡೋಣ. ಆ ವರ್ಷ ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ ಎಂಬ ವಿಜ್ಞಾನಿ, ತಂತಿಯ ಸುರುಳಿಯ ಬಳಿ ಅಯಸ್ಕಾಂತವನ್ನು ಚಲಿಸಿದರೆ ವಿದ್ಯುತ್ ಹುಟ್ಟುತ್ತದೆ ಎಂದು ತೋರಿಸಿಕೊಟ್ಟರು. ಅದೇ ವರ್ಷ ಅಕ್ಟೋಬರಿನಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡರು. ಒಂದು ಕಡೆ ವಿಚಾರ, ಇನ್ನೊಂದು ಕಡೆ ಅಧಿಕಾರ. ಎರಡೂ ಶಿವನಸಮುದ್ರದಲ್ಲಿ ಕೂಡುವುದಕ್ಕೆ ಎಪ್ಪತ್ತು ವರ್ಷ ಬೇಕಾಯಿತು.

ನಡುವೆ ನಮ್ಮ ದೆಹಲಿಯೂ ಬರುತ್ತದೆ. ಬುರಾಡಿ ಕಡೆಯ ಕಾರೊನೇಷನ್ ಪಾರ್ಕ್ ನೋಡಿದವರು ಎಷ್ಟು ಜನ? 1877ರ ಜನವರಿ 1ರಂದು ವಿಕ್ಟೋರಿಯಾ ರಾಣಿ ಭಾರತದ ಚಕ್ರವರ್ತಿನಿ ಎಂದು ಸಾರಿದ ದರ್ಬಾರು ನಡೆದದ್ದು ಅಲ್ಲೇ. ಆನೆ, ಅಂಬಾರಿ, ತೋಪುಗಳ ಸಂಭ್ರಮ. ಅದೇ ಹೊತ್ತಿನಲ್ಲಿ ಮೈಸೂರು ಸೀಮೆಯಲ್ಲಿ ಜನ ಅನ್ನವಿಲ್ಲದೆ ಸಾಯುತ್ತಿದ್ದರು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂದಾಗ ಅವರಿಗೆ ಸಿಕ್ಕಿದ್ದು ಆ ಬರದಿಂದ ಬಳಲಿದ ನಾಡು. ಅದರ ಮೇಲೆ ಬ್ರಿಟಿಷರಿಗೆ ಕಟ್ಟಬೇಕಾದ ವಾರ್ಷಿಕ ಪೊಗದಿ ಬೇರೆ. ಮೊದಲು 24.5 ಲಕ್ಷ ರೂಪಾಯಿ ಇದ್ದದ್ದು 1896ರಿಂದ 35 ಲಕ್ಷಕ್ಕೆ ಏರಿತು.

1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಹಠಾತ್ತನೆ ತೀರಿಕೊಂಡರು. ಮಗ ಕೃಷ್ಣರಾಜರಿಗೆ ಆಗ ಹತ್ತು ವರ್ಷ. ತಾಯಿ ಕೆಂಪನಂಜಮ್ಮಣ್ಣಿಯವರಿಗೆ ಮೂವತ್ತೂ ತುಂಬಿರಲಿಲ್ಲ. ನಾವು ವಾಣಿವಿಲಾಸ ಸನ್ನಿಧಾನ ಎಂದು ನೆನೆಯುವುದು ಇವರನ್ನೇ. ಗಂಡ ಹೋದ ಹೆಣ್ಣುಮಗಳು ಹಜಾರಕ್ಕೂ ಬರಬಾರದು ಎನ್ನುತ್ತಿದ್ದ ಕಾಲದಲ್ಲಿ ಅವರು ರಾಜಪ್ರತಿನಿಧಿಯಾಗಿ 1902ರವರೆಗೆ ರಾಜ್ಯವಾಳಿದರು. 1898ರ ಪ್ಲೇಗು ಎದುರಿಸಿದ್ದು ಅವರ ಆಡಳಿತ. ಹಿರಿಯೂರಿನ ಬಳಿ ಮಾರಿಕಣಿವೆ ಅಣೆಕಟ್ಟು ಶುರುವಾದದ್ದೂ ಅವರ ಕಾಲದಲ್ಲಿ. ಶಿವನಸಮುದ್ರದ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದೂ ಆಗಲೇ.

ಗಣಿಯವರಿಗೆ ಶಕ್ತಿ ಬೇಕಿತ್ತು. ಉಗಿಯಂತ್ರಕ್ಕೆ ಕಲ್ಲಿದ್ದಲನ್ನು ದೂರದಿಂದ ತರಿಸಬೇಕು. ಇತ್ತ ಕಾವೇರಿಯ ನೀರು ಸುಮ್ಮನೆ ಬಂಡೆಗೆ ಬೀಳುತ್ತಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಬೆನ್ನಿಗೆ ನಿಂತರು, ಜೋಲಿ ದ ಲೊಬಿನಿಯರ್ ಎಂಬ ಕೆನಡಾ ಮೂಲದ ಎಂಜಿನಿಯರ್ ಯೋಜನೆ ನಡೆಸಿದರು. ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯದು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ಹಡಗು, ರೈಲು ದಾಟಿ ಬಂದ ಈ ಭಾರವನ್ನು ಕೊನೆಗೆ ಹೊಳೆಯ ಬದಿಗೆ ಮುಟ್ಟಿಸಿದ್ದು ನಮ್ಮ ಆನೆಗಳು, ಎತ್ತುಗಳು. 1902ರ ಜೂನ್ 30ರಂದು ವಿದ್ಯುತ್ ಗಣಿ ತಲುಪಿತು. ದೂರ 92 ಮೈಲಿ, ಅಂದರೆ ಹೆಚ್ಚುಕಡಿಮೆ ದೆಹಲಿಯಿಂದ ಮಥುರೆಗೆ. ಆಗ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು.

ಇದು ನಮಗೆ ಹೆಮ್ಮೆಯ ವಿಷಯವೇ. ಆದರೆ ಲೆಕ್ಕ ಪೂರ್ತಿ ನೋಡೋಣ. ನದಿ ನಮ್ಮದು, ದುಡಿಮೆ ನಮ್ಮ ದಕ್ಷಿಣದ ಬಡವರದು. ಗಣಿ ನಡೆಸುತ್ತಿದ್ದದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ರಾಜ್ಯಕ್ಕೆ ರಾಯಧನವೂ ಬಂತು, ವಿದ್ಯುತ್ತಿನ ಹಣವೂ ಬಂತು. ಚಿನ್ನದ ಲಾಭಾಂಶ ಮಾತ್ರ ಸಮುದ್ರ ದಾಟಿತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರ ಆಗಸ್ಟ್ 5ರಂದು. ಹಾಗಾದರೆ ತಂತಿಯ ಕೆಳಗಿನ ಹಳ್ಳಿಗಳ ಗತಿಯೇನು?

ನನ್ನ ಅಜ್ಜಿಯ ತವರು ಮಳವಳ್ಳಿ ಸೀಮೆ. ಹೊಲದಲ್ಲಿ ನಿಂತರೆ ತಲೆಯ ಮೇಲೇ ಲೈನು. ಅಜ್ಜಿ ಮದುವೆಯಾಗಿ, ಐದು ಮಕ್ಕಳನ್ನು ಹೆತ್ತು, ಆ ಮಕ್ಕಳೂ ಶಾಲೆ ಮುಗಿಸುವವರೆಗೆ ಅಡುಗೆಮನೆಯಲ್ಲಿ ಉರಿದದ್ದು ಸೀಮೆಎಣ್ಣೆ ಬುಡ್ಡಿ. ರಾಗಿ ಬೀಸಿದ್ದು ಬೀಸುಕಲ್ಲಿನಲ್ಲಿ. "ಕರೆಂಟು ನಮ್ಮೂರ ಮೇಲೆ ಹಾದು ಹೋಯ್ತದೆ ಕಣವ್ವ, ಇಳಿಯಾಕೆ ಪುರುಸೊತ್ತಿಲ್ಲ" ಎಂದು ನಗುತ್ತಿದ್ದರು. ಹೊಸದು ಬಂದಾಗ ಅದು ಮೊದಲು ಗಣಿಗೆ, ಆಮೇಲೆ ಅರಮನೆಗೆ, ಪೇಟೆಬೀದಿಗೆ, ಸಾಹುಕಾರರ ಹಜಾರಕ್ಕೆ ಹೋಗುತ್ತದೆ. ಅಡುಗೆಮನೆಯ ಸರದಿ ಕಡೆಗೆ. ಈ ಸರದಿಯನ್ನು ಫ್ಯಾರಡೆ ಬರೆಯಲಿಲ್ಲ. ಹಣ, ಅಧಿಕಾರ ಇದ್ದವರು ಬರೆದರು. ಮನುಷ್ಯರು ಬರೆದದ್ದಾದ್ದರಿಂದ ಮನುಷ್ಯರೇ ತಿದ್ದಬಹುದು.

ತಿದ್ದಿದವರೂ ಇದ್ದಾರೆ. 1881ರಲ್ಲೇ ಮೈಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆಯಿತು. ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆದದ್ದು ಅದೇ. ಆ ಹಾದಿಯಲ್ಲಿ ಬಂದ ಕಮಲಮ್ಮ ದಾಸಪ್ಪನವರು ಮೈಸೂರು ರಾಜ್ಯದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರು, ಗಂಡ ಬಿಟ್ಟ ಹೆಣ್ಣುಮಕ್ಕಳು ಓದಲಿ ಎಂದು ದುಡಿದವರು. ಅವರ ಮೊಮ್ಮಗಳು ರಾಜೇಶ್ವರಿ ಚಟರ್ಜಿ ಹುಟ್ಟಿದ್ದು 1922ರಲ್ಲಿ. 1947ರಲ್ಲಿ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1953ರಲ್ಲಿ ಡಾಕ್ಟರೇಟ್‌ನೊಂದಿಗೆ ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ತಂತ್ರಜ್ಞಾನ ಕಲಿಸಿದರು. ಮೈಸೂರು ಸರ್ಕಾರ ಜಾಗ ಕೊಟ್ಟಿದ್ದ ಸಂಸ್ಥೆ ಅದು. ವಿದ್ಯುತ್ತನ್ನು ಬಳಸುವವಳಷ್ಟೇ ಆಗಿದ್ದ ಹೆಣ್ಣು ಅದರ ಪಾಠ ಹೇಳುವವಳಾದಳು. ಅದಕ್ಕೆ ಮೊದಲು ಅವಳ ಅಜ್ಜಿ ಓದಿದ್ದರು ಎಂಬುದನ್ನು ಮರೆಯಬಾರದು.

ಇನ್ನು ನಮ್ಮ ಇಂದಿನ ವಿಚಾರ. ನಾನಿರುವುದು ನೊಯ್ಡಾದ ಹದಿನಾಲ್ಕನೇ ಮಹಡಿಯಲ್ಲಿ. ಕರೆಂಟು ಹೋದರೆ ಅರೆನಿಮಿಷದಲ್ಲಿ ಜನರೇಟರ್ ಬರುತ್ತದೆ. ನಮ್ಮ ಮನೆಕೆಲಸಕ್ಕೆ ಬರುವ ಹೆಣ್ಣುಮಗಳು ಎರಡು ಕಿಲೋಮೀಟರ್ ಆಚೆ ಇರುತ್ತಾಳೆ. ಕಳೆದ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ರಾತ್ರಿಯಿಡೀ ಕರೆಂಟಿಲ್ಲ, ಮಗುವಿಗೆ ರಟ್ಟಿನಲ್ಲಿ ಗಾಳಿ ಬೀಸಿದ್ದಳಂತೆ. ಅವಳ ಗಲ್ಲಿಯ ಮೇಲೂ ಹೈಟೆನ್ಷನ್ ತಂತಿ ಹಾದು ಹೋಗುತ್ತದೆ. ನನಗೆ ಅಜ್ಜಿಯ ಮಾತು ನೆನಪಾಯಿತು.

ಹಾಗಾಗಿ ನನ್ನ ಕೋರಿಕೆ ಚಿಕ್ಕದು. ಮೊಬೈಲು, ಕೃತಕ ಬುದ್ಧಿಮತ್ತೆ, ಮುಂದೆ ಬರುವ ಯಾವುದೇ ಹೊಸದಿರಲಿ, ಮೂರು ಪ್ರಶ್ನೆ ಕೇಳೋಣ. ಇದರ ದುಡಿಮೆ ಯಾರದು? ಲಾಭ ಎಲ್ಲಿಗೆ ಹೋಗುತ್ತದೆ? ಯಾರ ಮನೆಗೆ ಕಡೆಗೆ ತಲುಪುತ್ತದೆ? ಆ ಕಡೆಯ ಮನೆಯ ಮಕ್ಕಳಿಗಾಗಿ ಭಾನುವಾರ ಎರಡು ಗಂಟೆ ನಮ್ಮ ಕ್ಲಬ್‌ಹೌಸ್‌ಗಳಲ್ಲಿ ಕಂಪ್ಯೂಟರ್ ಪಾಠ ಇಟ್ಟುಕೊಳ್ಳಬಹುದೇ ಎಂದು ಕಾರ್ಯಕಾರಿ ಸಮಿತಿ ಯೋಚಿಸಲಿ. ಕಲಿಸಲು ನಿವೃತ್ತ ಎಂಜಿನಿಯರುಗಳು, ಅಧ್ಯಾಪಕಿಯರು ಈ ಸಭೆಯಲ್ಲೇ ಹತ್ತು ಜನ ಇದ್ದೀರಿ. ಮೊದಲ ಹೆಸರು ನನ್ನದು ಬರೆದುಕೊಳ್ಳಿ.