ಎಲ್ಲರೂ ನನ್ನ ಮಕ್ಕಳೇ

ಕಲಘಟಗಿಯ ದೇವಿಕೊಪ್ಪದಲ್ಲಿ, ಮಗನನ್ನು ಸೇನೆಗೆ ಕಳಿಸಿದ ತಂದೆತಾಯಿ ಈ ಮಾತು ಕೇಳುತ್ತಿದ್ದರೆ, ಇದು ಅವರಿಗಾಗಿ.

1949ರ ಜನವರಿ 15ರಂದು ಭೂಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದ ಕೆ.ಎಂ. ಕಾರ್ಯಪ್ಪ ನಿವೃತ್ತರಾದ ಮೇಲೆ ಮಡಿಕೇರಿಯಲ್ಲಿ ನೆಲೆಸಿದರು. 1965ರ ಯುದ್ಧದಲ್ಲಿ ವಾಯುಪಡೆಯ ಪೈಲಟ್ ಆಗಿದ್ದ ಮಗ ನಂದಾ ಪಾಕಿಸ್ತಾನಕ್ಕೆ ಸೆರೆಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಅವರ ಕಡೆಯಿಂದ ನಂದಾ ಬಿಡುಗಡೆಯ ಮಾತು ಬಂತು. ಸೆರೆಯಲ್ಲಿರುವ ಎಲ್ಲ ಯೋಧರೂ ನನ್ನ ಮಕ್ಕಳೇ, ಒಬ್ಬನಿಗಷ್ಟೇ ವಿನಾಯಿತಿ ಬೇಡ ಎಂದುಬಿಟ್ಟರು ಅಪ್ಪ. ಆ ರಾತ್ರಿಗಳಲ್ಲಿ ಹೆತ್ತ ಕರುಳು ಏನೆಂದಿತೋ! ಅದು ಕಲ್ಲು ಮನಸ್ಸಲ್ಲ. ಊರೂರಿನ ತಾಯಂದಿರ ಸಂಕಟ ಬಲ್ಲ ಮನಸ್ಸು.

ನಂದಾ 1966ರಲ್ಲಿ ಮರಳಿದರು, ಮುಂದೆ ಏರ್ ಮಾರ್ಷಲ್ ಆದರು. ತಂದೆಗೆ 87ರ ವಯಸ್ಸಿನಲ್ಲಿ ಫೀಲ್ಡ್ ಮಾರ್ಷಲ್ ಪದವಿ ಬಂತು. 1993ರ ಮೇ ತಿಂಗಳಲ್ಲಿ ಕಾರ್ಯಪ್ಪ ತೀರಿಕೊಂಡರು.