ಎಂಜಿನಿನ ಮಸಿ ಮತ್ತು ಅಂತರಂಗದ ಶುದ್ಧಿ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಚಿಂತನ ಸಭೆಯಲ್ಲಿ ಮಾಡಿದ ಭಾಷಣ)



ಈ ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ಬಲ್ಲವರು ನನಗಿಂತ ಮೊದಲೇ ಸೊಗಸಾಗಿ ವಿವರಿಸಿದ್ದಾರೆ. ನಾನು ದೈವಶಾಸ್ತ್ರವನ್ನು ಅಭ್ಯಾಸ ಮಾಡಿದವನಲ್ಲ. ಒಂದು ಮೋಟಾರ್ ಸೈಕಲ್ಲನ್ನು ಬಿಚ್ಚಿ ಜೋಡಿಸುವಾಗ ದೇವರು ನನಗೆ ಕಲಿಸಿದ ಪಾಠವೊಂದನ್ನು ಮಾತ್ರ ತಮ್ಮ ಮುಂದಿಡಲು ಇಚ್ಛಿಸುತ್ತೇನೆ. ಪವಿತ್ರ ಸ್ಥಳದಲ್ಲಿ ಎಣ್ಣೆಮಸಿಯ ಮಾತೇಕೆಂದು ಯಾರೂ ಭಾವಿಸಬಾರದು. ನಮ್ಮ ಪ್ರಭು ಬಡಗಿಯ ಮನೆಯಲ್ಲಿ ಬೆಳೆದವರು. ಜಗದ್ಗುರು ಹನ್ನೆರಡನೆಯ ಪಿಯುಸರು 1955ರಲ್ಲಿ ಮೇ 1ನೆಯ ದಿನವನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವನ್ನಾಗಿ ಸ್ಥಾಪಿಸಿದರು. ದುಡಿಯುವ ಕೈಗಳೊಡನೆಯೂ ದೇವರು ಮಾತನಾಡುತ್ತಾರೆಂಬುದನ್ನು ಧರ್ಮಸಭೆ ಬಲ್ಲದು.

ನಮ್ಮ ತಂದೆಯವರು ಒಂದು ಯೆಜ್ಡಿ ಮೋಟಾರ್ ಸೈಕಲ್ಲನ್ನು ಬಿಟ್ಟುಹೋದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಮೊದಲು ಜಾವಾ ಎಂಬ ಹೆಸರಿನಿಂದಲೂ ಅನಂತರ ಯೆಜ್ಡಿ ಎಂಬ ಹೆಸರಿನಿಂದಲೂ ತಯಾರಾದ ಈ ವಾಹನಗಳನ್ನು ತಮ್ಮಲ್ಲಿ ಅನೇಕರು ಓಡಿಸಿರಬಹುದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಎರಡು ಸೈಲೆನ್ಸರುಗಳ ಆ ಗಾಡಿಯ ಸದ್ದನ್ನು ಕೇಳಿದವರು ಮರೆಯಲಾರರು. ಒಂದೇ ಸನ್ನೆಯಿಂದ ಕಿಕ್ ಹೊಡೆದು, ಅದನ್ನೇ ಮುಂದಕ್ಕೆ ಮಡಿಸಿ ಗೇರ್ ಹಾಕುವುದು ಅದರ ವೈಶಿಷ್ಟ್ಯ.

ತಂದೆಯವರು ಬಿಟ್ಟುಹೋದದ್ದು ಗಾಡಿಯೊಂದನ್ನೇ ಅಲ್ಲ. ತುಂಡು ಭೂಮಿಯೊಂದಿತ್ತು. ಅದರ ಹಂಚಿಕೆಯಲ್ಲಿ ನನಗೂ ನನ್ನ ಅಣ್ಣನಿಗೂ ಮಾತು ಬೆಳೆದು, ಮಾತು ನಿಂತಿತು. ಮೂರು ವರ್ಷಗಳ ಕಾಲ ಒಂದೇ ದೇವಾಲಯಕ್ಕೆ ಬರುತ್ತಿದ್ದೆವು, ಒಂದೇ ಪೀಠದಿಂದ ಪರಮಪ್ರಸಾದವನ್ನು ಸ್ವೀಕರಿಸುತ್ತಿದ್ದೆವು, ಬೇರೆ ಬೇರೆ ಬಾಗಿಲುಗಳಿಂದ ಹೊರಹೋಗುತ್ತಿದ್ದೆವು.

ಆ ದಿನಗಳಲ್ಲಿ ಗಾಡಿಯೂ ಸೊರಗಿತು. ಕಿಕ್ ಹೊಡೆದರೆ ಎದ್ದೇಳುತ್ತಿತ್ತು, ಸಮತಟ್ಟಾದ ರಸ್ತೆಯಲ್ಲಿ ಓಡುತ್ತಿತ್ತು. ಆದರೆ ಏರು ಬಂದೊಡನೆ ಉಸಿರುಗಟ್ಟಿದಂತೆ ನಿಲ್ಲುತ್ತಿತ್ತು. ನಾನು ಪೆಟ್ರೋಲನ್ನು ದೂರಿದೆ. ಸ್ಪಾರ್ಕ್ ಪ್ಲಗ್ಗನ್ನು ಬದಲಿಸಿದೆ. ಕಾರ್ಬುರೇಟರನ್ನು ಮೂರು ಬಾರಿ ತೊಳೆದೆ. ಫಲ ಕಾಣಲಿಲ್ಲ. ಕೊನೆಗೆ ಹಳಬರಾದ ಮೆಕ್ಯಾನಿಕ್ಕೊಬ್ಬರು ಸೈಲೆನ್ಸರಿನ ತುದಿಗೆ ಅಂಗೈಯನ್ನು ಹಿಡಿದು ನೋಡಿ, “ಒಳಕ್ಕೆ ಹೋಗೋದನ್ನೆಲ್ಲ ನೋಡಿದ್ರಿ ಸಾರ್, ಹೊರಕ್ಕೆ ಹೋಗೋದನ್ನು ನೋಡಿದ್ರಾ?” ಎಂದರು.

ಈ ಮಾತಿನ ಅರ್ಥವನ್ನು ತುಸು ವಿವರಿಸಬೇಕು. ಇಂಥ ಎರಡು ಸ್ಟ್ರೋಕಿನ ಎಂಜಿನಿನಲ್ಲಿ ಎಣ್ಣೆಯನ್ನು ಪೆಟ್ರೋಲಿನೊಡನೆಯೇ ಬೆರೆಸುತ್ತಾರೆ. ಆ ಎಣ್ಣೆಯೇ ಪಿಸ್ಟನ್ನನ್ನು ಸವೆಯದಂತೆ ಕಾಯುತ್ತದೆ. ಅದೇ ಎಣ್ಣೆ ಉರಿದು, ಹೊಗೆ ಹೊರಹೋಗುವ ದ್ವಾರದಲ್ಲಿಯೂ ಸೈಲೆನ್ಸರಿನಲ್ಲಿಯೂ ಮಸಿಯಾಗಿ ಕಟ್ಟಿಕೊಳ್ಳುತ್ತದೆ. ದ್ವಾರ ಕಿರಿದಾದರೆ ಸುಟ್ಟ ಹೊಗೆ ಪೂರ್ತಿಯಾಗಿ ಹೊರಹೋಗದು. ಅದು ಹೋಗದೆ ಹೊಸ ಉಸಿರಿಗೆ ಎಡೆಯಿಲ್ಲ. ಎಷ್ಟೇ ಶುದ್ಧವಾದ ಪೆಟ್ರೋಲನ್ನು ತುಂಬಿದರೂ ಪ್ರಯೋಜನವಿಲ್ಲ.

ಗ್ಯಾರೇಜಿನ ನೆಲದ ಮೇಲೆ ಕುಳಿತು ಆ ಮಸಿಯನ್ನು ಕೆರೆಯುತ್ತಿದ್ದಾಗ ನನಗೆ ನನ್ನ ಸ್ಥಿತಿ ಕಂಡಿತು. ಬಲಿಪೂಜೆ, ಜಪಸರ, ಉಪವಾಸ ಯಾವುದನ್ನೂ ನಾನು ಬಿಟ್ಟಿರಲಿಲ್ಲ. ಒಳಕ್ಕೆ ಹೋಗಬೇಕಾದದ್ದೆಲ್ಲ ಹೋಗುತ್ತಿತ್ತು. ಅಣ್ಣನ ಮೇಲಿನ ಕಹಿ ಮಾತ್ರ ಹೊರಹೋಗಿರಲಿಲ್ಲ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ಸಂಧಾನ ಮಾಡಿಕೊಳ್ಳುವಂತೆ ಪ್ರಭು ಆಜ್ಞಾಪಿಸಿದುದನ್ನು ಸಂತ ಮತ್ತಾಯರ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಎಷ್ಟೋ ಬಾರಿ ಕೇಳಿದ್ದೆ. ಅಂದು ಅದು ನನಗೇ ಹೇಳಿದ ಮಾತಾಯಿತು. ದೇವರ ವರಪ್ರಸಾದಕ್ಕೆ ಕೊರತೆಯಿರಲಿಲ್ಲ; ಅದಕ್ಕೆ ನನ್ನಲ್ಲಿ ಎಡೆಯಿರಲಿಲ್ಲ.

ಇನ್ನೂ ಎರಡು ಸಂಗತಿಗಳನ್ನು ಗಮನಿಸಿದೆ. ಮೊದಲನೆಯದು, ಈ ಮಸಿ ಅಪಘಾತದಿಂದ ಬಂದುದಲ್ಲ, ದಿನನಿತ್ಯದ ಓಟದಿಂದ ಬಂದುದು. ಸದಾ ನಿಧಾನವಾಗಿ, ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಓಡುವ ಗಾಡಿಯಲ್ಲಿ ಎಂಜಿನ್ ಚೆನ್ನಾಗಿ ಕಾಯದೆ ಮಸಿ ಹೆಚ್ಚು ಕಟ್ಟುತ್ತದೆ. ಬಿಸಿಯೂ ಅಲ್ಲದ, ತಣ್ಣಗೂ ಇಲ್ಲದ ಭಕ್ತಿಯ ಬಗೆಗೆ ಪ್ರಕಟನಾ ಗ್ರಂಥದಲ್ಲಿ ಬರುವ ಎಚ್ಚರಿಕೆಯನ್ನು ಇಲ್ಲಿ ನೆನೆಯಬಹುದು. ಎರಡನೆಯದು, ಯಾವ ಎಂಜಿನೂ ತನ್ನ ಮಸಿಯನ್ನು ತಾನೇ ಕೆರೆದುಕೊಳ್ಳಲಾರದು. ಬಿಚ್ಚಿ ನೋಡುವ ಇನ್ನೊಬ್ಬರ ಕೈ ಬೇಕು. ಆ ಶನಿವಾರ ಸಂಜೆ ನಾನು ಪಾಪನಿವೇದನೆಗೆ ಹೋದೆ. ಅದುವರೆಗೆ ಸಣ್ಣಪುಟ್ಟ ತಪ್ಪುಗಳನ್ನಷ್ಟೇ ಒಪ್ಪಿಸುತ್ತಿದ್ದವನು ಮೂರು ವರ್ಷಗಳ ಮೌನವನ್ನು ಅಂದು ಒಪ್ಪಿಸಿದೆ.

ಗಾಡಿಯ ಕೆಲಸ ಅಲ್ಲಿಗೆ ಮುಗಿದಿರಲಿಲ್ಲ. ಎಡಗಡೆಯ ಸೈಲೆನ್ಸರಿನ ಒಂದು ನಟ್ಟು ತುಕ್ಕು ಹಿಡಿದು ಬಿಗಿದಿತ್ತು. ಹಿಂದೊಮ್ಮೆ ಅಂಥದೇ ನಟ್ಟಿಗೆ ಬಲ ಹಾಕಿ ಬೋಲ್ಟನ್ನೇ ಮುರಿದಿದ್ದೆ. ಈ ಸಲ ಸೀಮೆಎಣ್ಣೆ ಹಾಕಿ ರಾತ್ರಿಯೆಲ್ಲ ಬಿಟ್ಟೆ. ಮರುದಿನವೂ ಅಲುಗಲಿಲ್ಲ. ಮತ್ತೆ ಹಾಕಿದೆ, ಮತ್ತೆ ಕಾದೆ. ಮೂರನೆಯ ದಿನ ಅದು ತಿರುಗಿತು. ಹಣ್ಣು ಬಿಡದ ಅಂಜೂರದ ಮರಕ್ಕೆ ಇನ್ನೊಂದು ವರ್ಷ ಅವಕಾಶ ಬೇಡಿದ ತೋಟಗಾರನ ಸಾಮತಿಯನ್ನು ಸಂತ ಲೂಕರು ಬರೆದಿದ್ದಾರೆ. ಕಾಯುವುದು ಸೋಮಾರಿಯ ಕೆಲಸವಲ್ಲ, ಪ್ರೀತಿಸುವವನ ಕೆಲಸ.

ಗಾಡಿ ಸಿದ್ಧವಾದ ಮೇಲೆ ಅದನ್ನೇ ಏರಿ ಅಣ್ಣನ ಮನೆಗೆ ಹೋದೆ. ಮೊದಲ ಸಲ ಅವನು ಹೊರಗೆ ಬರಲಿಲ್ಲ. ನಾನು ಬಾಗಿಲು ಬಡಿಯದೆ ಹಿಂತಿರುಗಿದೆ. ಮುಂದಿನ ಭಾನುವಾರ ಮತ್ತೆ ಹೋದೆ. ನಾನು ಇಳಿಯುವ ಮೊದಲೇ ಅವನು ಅಂಗಳದಲ್ಲಿ ನಿಂತಿದ್ದ. “ಅಪ್ಪನ ಗಾಡಿ ಸದ್ದು ಕೇಳಿಸ್ತು, ಬಾ ಒಳಗೆ” ಎಂದ.

ಭೂಮಿಯ ಹಂಚಿಕೆ ಅಂದೇ ಇತ್ಯರ್ಥವಾಯಿತೆಂದು ಹೇಳಿದರೆ ಸುಳ್ಳಾದೀತು. ಅದಿನ್ನೂ ಮುಗಿದಿಲ್ಲ. ಆದರೆ ಈಗ ಅದನ್ನು ಇಬ್ಬರೂ ಒಂದೇ ಮಂಚದ ಮೇಲೆ ಕುಳಿತು ಮಾತನಾಡುತ್ತೇವೆ. ದೇವಾಲಯದಿಂದ ಒಂದೇ ಬಾಗಿಲಲ್ಲಿ ಹೊರಬರುತ್ತೇವೆ.

ಪ್ರಿಯರೇ, ಈ ಶತಮಾನೋತ್ಸವಕ್ಕಾಗಿ ದೇವಾಲಯದ ಗೋಡೆಗಳಿಗೆ ಸುಣ್ಣ ಬಣ್ಣ ಬಳಿದಿದ್ದೇವೆ, ಗಂಟೆಯನ್ನು ಹೊಳೆಯುವಂತೆ ಉಜ್ಜಿದ್ದೇವೆ. ಅಷ್ಟರಲ್ಲೇ ತೃಪ್ತರಾಗದಿರೋಣ. ನಮ್ಮಿಂದ ಹೊರಹೋಗದೆ ಉಳಿದಿರುವುದು ಏನೆಂದು ಪ್ರತಿಯೊಬ್ಬರೂ ಆತ್ಮಶೋಧನೆ ಮಾಡಿಕೊಳ್ಳೋಣ. ಮಾತು ಬಿಟ್ಟವರ ಮನೆಯ ಬಾಗಿಲಿಗೆ ಒಮ್ಮೆ ಹೋಗೋಣ. ತೆರೆಯದಿದ್ದರೆ ಮತ್ತೊಮ್ಮೆ ಹೋಗೋಣ. ನಮ್ಮೆಲ್ಲರನ್ನೂ ಬಿಚ್ಚಿ ಶುದ್ಧಗೊಳಿಸಿ ಮತ್ತೆ ಜೋಡಿಸಬಲ್ಲ ಪ್ರಭು ಕ್ರಿಸ್ತರು ನಮ್ಮನ್ನು ಆಶೀರ್ವದಿಸಲಿ. ಆಮೆನ್.